ಶಿರಾ ಗೇಟಿನ ಗುಜರಿ ಬಾಬಾ

ಜ್ಞಾಪಕಶಕ್ತಿಗೆ ಒಳ್ಳೆಯದೆಂದು ಗುಬ್ಬಿಯ ಡಾಕ್ಟರೊಬ್ಬರು ನನಗೆ ದಿನಾ ಬಾದಾಮಿ ತಿನ್ನಲು ಹೇಳಿದ್ದಾರೆ. ಹಿಂದಿನ ದಿನ ನೆನೆಹಾಕಿ, ಬೆಳಿಗ್ಗೆ ಸಿಪ್ಪೆ ಸುಲಿದು, ಬರಿಹೊಟ್ಟೆಯಲ್ಲಿ ತಿನ್ನಬೇಕಂತೆ. ನಾನು ನೆನೆಹಾಕುವುದನ್ನು ಮರೆಯುತ್ತೇನೆ. ನೆನೆಹಾಕಿದ ದಿನ ತಿನ್ನುವುದನ್ನು ಮರೆಯುತ್ತೇನೆ. ಸ್ಕೂಲಿಗೆ ಹೊರಟು ಬಸ್ ಸ್ಟ್ಯಾಂಡಿನಲ್ಲಿ ನಿಂತಾಗ, ಅಡುಗೆಮನೆ ಕಿಟಕಿಯ ಲೋಟದಲ್ಲಿ ಉಬ್ಬಿಕೊಂಡು ಕೂತಿರುವ ಬಾದಾಮಿಗಳು ಕಣ್ಣ ಮುಂದೆ ಬರುತ್ತವೆ. ಬಂದದ್ದೇ ತಡ, ನಾನು ಗುಬ್ಬಿಯಲ್ಲಿರುವುದಿಲ್ಲ. ಬಾಗ್ದಾದಿನಲ್ಲಿರುತ್ತೇನೆ.

ನಗಬೇಡಿ. ನನ್ನ ಬಾಗ್ದಾದಿಗೆ ಪಾಸ್‌ಪೋರ್ಟು ಬೇಡ. ತುಮಕೂರಿನ ಶಿರಾ ಗೇಟಿನಲ್ಲಿ ಇಳಿದರೆ ಸಾಕಿತ್ತು. ಅಲ್ಲಿ ತಗಡಿನ ಸೂರಿನ ಮೂರು ಅಂಗಡಿಗಳು ಒಂದಕ್ಕೊಂದು ಒರಗಿಕೊಂಡು ನಿಂತಿದ್ದವು. ಮೊದಲನೆಯದು ನಮ್ಮಪ್ಪ ರಾಜಣ್ಣನವರ ಟೈಲರ್ ಅಂಗಡಿ, ನಡುವಿನದು ಸೈಕಲ್ ಶಾಪು, ಕೊನೆಯದು ಬಾಷಾ ಸಾಬರ ಗುಜರಿ ಅಂಗಡಿ. ನಾನು ಹೇಳುತ್ತಿರುವುದು ತೊಂಬತ್ತರ ದಶಕದ ಮಾತು. ಅಪ್ಪ ಸಿ.ಎಸ್. ಪುರದ ಕಡೆಯವರು. ಅಲ್ಲಿದ್ದ ತೆಂಗು, ರಾಗಿ ಹೊಲ ಅಣ್ಣತಮ್ಮಂದಿರೆಲ್ಲರ ಹೊಟ್ಟೆಗೆ ಸಾಲದೆ ಹೊಲಿಗೆ ಕಲಿತು ತುಮಕೂರು ಸೇರಿದ್ದರು. ಅಂಗಡಿಯ ಹಿಂದಿನ ಗಲ್ಲಿಯಲ್ಲೇ ನಮ್ಮ ಬಾಡಿಗೆ ಮನೆ.

ಅಪ್ಪನ ಅಂಗಡಿಯಲ್ಲಿ ನನಗೆ ಏನನ್ನೂ ಮುಟ್ಟುವ ಹಾಗಿರಲಿಲ್ಲ. ಬಾಷಾ ಸಾಬರ ಅಂಗಡಿಯಲ್ಲಿ ಎಲ್ಲವನ್ನೂ ಮುಟ್ಟಬಹುದಿತ್ತು. ಬರ್ನರ್ ಇಲ್ಲದ ಸ್ಟೌವುಗಳು, ಹೊಟ್ಟೆ ಬಗೆದ ರೇಡಿಯೋಗಳು, ಬೀಗ ಕಳೆದುಕೊಂಡ ಕೀಲಿಕೈಗಳ ದೊಡ್ಡ ಗೊಂಚಲು. ತುಕ್ಕು ಮತ್ತು ಸೀಮೆಎಣ್ಣೆ ಸೇರಿದ ಒಂದು ವಾಸನೆ. ಇವೆಲ್ಲದರ ನಡುವೆ ಯಾವುದೋ ಲಾರಿಯಿಂದ ಕಿತ್ತು ತಂದ ಡ್ರೈವರ್ ಸೀಟು. ಸ್ಕೂಲು ಬಿಟ್ಟ ಮೇಲೆ ನಾನು ಅದರ ಮೇಲೆ ಕೂರುತ್ತಿದ್ದೆ. ಸ್ಪ್ರಿಂಗು ಒಮ್ಮೆ ಕುಂಯ್ ಎಂದು ಕೆಳಗಿಳಿದು ಸುಮ್ಮನಾಗುತ್ತಿತ್ತು. ಸೀಟು ಎಲ್ಲಿಗೂ ಹೋಗುತ್ತಿರಲಿಲ್ಲ. ನಾನು ಮಾತ್ರ ಹೋಗುತ್ತಿದ್ದೆ.

ಕರೆದುಕೊಂಡು ಹೋಗುತ್ತಿದ್ದವರು ಬಾಷಾ ಸಾಬರೇ. ಅವರ ಬಳಿ ಅವರ ಅಜ್ಜ ಹೇಳಿದ ಒಬ್ಬ ಸೂಫಿ ಸಂತರ ಕಥೆಗಳಿದ್ದವು. ಆ ಸಂತರು ಬಹಳ ಹಿಂದಿನ ಕಾಲದವರು, ಬಾಗ್ದಾದಿನವರು. ಸಾಬರು ಪೂರ್ತಿ ಹೆಸರನ್ನು ಗಂಟಲಿನ ಆಳದಿಂದ ಹೇಳುತ್ತಿದ್ದರು. ನನ್ನ ನಾಲಿಗೆ ಅದಕ್ಕೆ ತಿರುಗುತ್ತಿರಲಿಲ್ಲ.

"ನಮ್ ಕಸುಬಿನವರೇ ಕಣಮ್ಮ ಶಶಿ. ಅವರ್ದೂ ಹಳೇ ಸಾಮಾನ್ ಅಂಗಡೀನೇ. ಬಾಗ್ದಾದ್ ಬಜಾರಲ್ಲಿ ಗುಜರಿ ಇಟ್ಕೊಂಡಿದ್ರು," ಎಂದಿದ್ದರು ಒಂದು ದಿನ.

ಅಂದಿನಿಂದ ನನ್ನ ಬಾಯಲ್ಲಿ ಅವರು ಗುಜರಿ ಬಾಬಾ ಆದರು. ಸಾಬರು ಮೊದಲು ಹುಬ್ಬು ಗಂಟು ಹಾಕಿ, ಆಮೇಲೆ ತಾವೂ ಹಾಗೇ ಕರೆಯತೊಡಗಿದರು.

ಗುಜರಿ ಬಾಬಾನ ಅಂಗಡಿಯಲ್ಲಿ ಒಂದು ಪರದೆ ಇತ್ತಂತೆ. ಗಿರಾಕಿ ಇಲ್ಲದಾಗ ಅದರ ಹಿಂದೆ ಹೋಗಿ ನಮಾಜು ಮಾಡುತ್ತಿದ್ದರಂತೆ. ಬೆಟ್ಟದ ಮೇಲೆ ತಪಸ್ಸಿಗೆ ಕೂತ ಯಾರೋ ಮಹಾತ್ಮರು ಒಮ್ಮೆ ಅವರಿಗೆ ಸಲಾಂ ಹೇಳಿಕಳಿಸಿದರಂತೆ. ಬಾಬಾ ಏನೆಂದರು ಗೊತ್ತೇ? ಬೆಟ್ಟದ ಮೇಲೆ ಕೂತು ದೇವರನ್ನು ನೆನೆಯುವುದು ಏನು ಮಹಾ, ಬಜಾರಿನಲ್ಲಿ ಕೂತು ವ್ಯಾಪಾರ ಮಾಡುತ್ತಲೇ ಒಂದು ಗಳಿಗೆಯೂ ಮರೆಯದೆ ನೆನೆಯಬೇಕು ಎಂದರಂತೆ.

"ಅದಕ್ಕೇ ನೋಡು, ಗಿರಾಕಿ ಬಂದಾಗ್ಲೆಲ್ಲ ಇವರು ಕಣ್ ಮುಚ್ಕೊಂಡ್ ಕೂತಿರ್ತಾರೆ," ಎಂದು ಒಳಗಿನಿಂದ ದನಿ ಬಂತು. ಅದು ಸಾಬರ ಹೆಂಡತಿ ಜೈತೂನಮ್ಮ. ಅಂಗಡಿಯ ಹಿಂಬದಿಯ ಕೋಣೆಯೇ ಅವರ ಮನೆ. ಗಂಡ ಕಥೆ ಹೇಳುವಾಗ ಆಕೆ ಅಕ್ಕಿ ಆರಿಸುತ್ತಲೋ ಬೆಳ್ಳುಳ್ಳಿ ಬಿಡಿಸುತ್ತಲೋ ಬಾಗಿಲ ಹತ್ತಿರ ಕೂತಿರುತ್ತಿದ್ದರು. ಎಲ್ಲಿ ಸಾಬರು ಗಾಳಿಯಲ್ಲಿ ತೇಲಿಹೋಗುತ್ತಾರೋ ಅಲ್ಲಿ ಕಾಲು ಹಿಡಿದು ಕೆಳಗೆ ಎಳೆಯುವುದು ಅವರ ಕೆಲಸ.

ನನ್ನನ್ನು ಎಳೆಯುವವರು ಯಾರೂ ಇರಲಿಲ್ಲ. ಬೆಟ್ಟ ಎಂದ ಕೂಡಲೇ ನನ್ನ ಕಣ್ಣಿಗೆ ದೂರದ ದೇವರಾಯನದುರ್ಗ, ಸಂಜೆ ಬಿಸಿಲಿನಲ್ಲಿ ನೀಲಿಗಟ್ಟಿ ನಿಂತದ್ದು. ಬಾಗ್ದಾದಿನ ನದಿಗೆ ಕುಣಿಗಲ್ ದೊಡ್ಡಕೆರೆಯ ನೀರು. ಒಂಟೆ ಸಾಲಿನ ಬದಲು ಕೋರಾ ಊರಿನ ಕಡೆಯಿಂದ ಹುಲ್ಲು ಹೇರಿಕೊಂಡು ಬರುವ ಎತ್ತಿನ ಗಾಡಿಗಳು. ಆ ಗಾಡಿಗಳು ಬಸ್ಸಿನ ಹಾರನ್ನಿಗೆ ಬೆದರಿ ಪಕ್ಕಕ್ಕೆ ಸರಿಯುತ್ತಿದ್ದಾಗ, ಬಾಗ್ದಾದಿನ ಬಜಾರಿನಲ್ಲಿ ಗಡ್ಡದ ಮುದುಕರೊಬ್ಬರು ಹಳೇ ಕೀಲಿಕೈಗಳನ್ನು ಒರೆಸುತ್ತಾ ತುಟಿ ಅಲ್ಲಾಡಿಸುತ್ತಿದ್ದರು.

ಹೂಜಿಯ ಕಥೆ ಕೇಳಿದ ದಿನ ಮಾತ್ರ ನನಗೆ ಸಿಟ್ಟು ಬಂದಿತ್ತು. ಬೇಸಗೆಯಲ್ಲಿ ಬಾಬಾ ಕುಡಿಯುವ ನೀರು ತಣ್ಣಗಾಗಲೆಂದು ಮಣ್ಣಿನ ಹೂಜಿಯನ್ನು ಗಾಳಿಗೆ ಇಟ್ಟು ಮಲಗಿದರಂತೆ. ಕನಸಿನಲ್ಲಿ ಸ್ವರ್ಗದ ಹೆಣ್ಣೊಬ್ಬಳು ಬಂದಳು. ನೀನು ಯಾರಿಗೆ ಸೇರಿದವಳಮ್ಮ ಎಂದು ಇವರು ಕೇಳಿದರೆ, ಹೂಜಿಯಲ್ಲಿ ತಣಿಸಿದ ನೀರಿಗೆ ಆಸೆಪಡದವನಿಗೆ ಎಂದು ಹೇಳಿ, ಹೂಜಿಯನ್ನು ನೆಲಕ್ಕೆ ಬಡಿದು ಹೋದಳಂತೆ. ಎಚ್ಚರವಾಗಿ ನೋಡಿದರೆ ಹೂಜಿ ನಿಜವಾಗಿಯೂ ಚೂರಾಗಿತ್ತು. ಬಾಬಾ ಆ ಚೂರುಗಳನ್ನು ಎತ್ತಲೇ ಇಲ್ಲ. ಅವು ಅಲ್ಲೇ ಧೂಳು ಮುಚ್ಚಿಕೊಂಡು ಬಿದ್ದಿದ್ದವು.

ತಣ್ಣೀರು ಕುಡಿದರೆ ಏನು ತಪ್ಪು? ನಮ್ಮಮ್ಮ ಮಡಕೆಯ ಕೆಳಗೆ ಒದ್ದೆ ಮರಳು ಹಾಕಿ, ಮೇಲೆ ಗೋಣಿತಾಟು ಸುತ್ತಿ, ಅಷ್ಟು ಮುತುವರ್ಜಿಯಿಂದ ನೀರು ತಣಿಸುತ್ತಿದ್ದಳು. ಆ ವಾರವೆಲ್ಲ ನಾನು ಮಡಕೆಯ ಪಕ್ಕದಲ್ಲೇ ಚಾಪೆ ಹಾಕಿಕೊಂಡು ಮಲಗಿದೆ, ಯಾರಾದರೂ ಬಂದರೆ ಕೈ ಹಿಡಿಯಲೆಂದು. ಬಂದದ್ದು ಒಂದು ಹಲ್ಲಿ ಮಾತ್ರ.

ಇನ್ನು ಬಾದಾಮಿಯ ಕಥೆ. ಬಾಬಾ ಒಂದು ಮೂಟೆ ಬಾದಾಮಿ ಕೊಂಡು, ಇಷ್ಟೇ ಲಾಭ ಸಾಕು ಎಂದು ಮನಸ್ಸಿನಲ್ಲಿ ಬೆಲೆ ಕಟ್ಟಿಕೊಂಡಿದ್ದರಂತೆ. ಅಷ್ಟರಲ್ಲಿ ಬಜಾರಿನಲ್ಲಿ ಬಾದಾಮಿ ದರ ಸಿಕ್ಕಾಪಟ್ಟೆ ಏರಿತು. ದಲ್ಲಾಳಿಯೊಬ್ಬ ಬಂದ. ಅವನೂ ದೇವರಿಗೆ ಹೆದರಿ ನಡೆಯುವವನೇ. ಬಾಬಾ ತಮ್ಮ ಹಳೆಯ ದರವನ್ನೇ ಹೇಳಿದರು. ಅದಕ್ಕಿಂತ ಹೆಚ್ಚಿಗೆ ತೆಗೆದುಕೊಂಡರೆ ದೇವರಿಗೆ ಕೊಟ್ಟ ಮಾತು ತಪ್ಪಿದಂತೆ ಎಂದರು. ಅಷ್ಟು ಕಡಿಮೆಗೆ ಕೊಂಡರೆ ನಿಮಗೆ ಮೋಸ ಮಾಡಿದಂತೆ, ನಾನು ಮುಟ್ಟುವುದಿಲ್ಲ ಎಂದ ದಲ್ಲಾಳಿ. ಅವರು ಮಾರಲಿಲ್ಲ, ಇವನು ಕೊಳ್ಳಲಿಲ್ಲ.

"ಆಮೇಲೆ ಬಾದಾಮಿ ಏನಾಯ್ತು?" ಎಂದು ಕೇಳಿದೆ.

"ಕಥೆ ಅಷ್ಟೇ ಕಣಮ್ಮ," ಎಂದರು ಸಾಬರು, ಸ್ವಲ್ಪ ಪೇಚಿಗೆ ಸಿಕ್ಕವರಂತೆ.

"ಹುಳ ತಿಂದಿರ್ತವೆ, ಇನ್ನೇನಾಗುತ್ತೆ?" ಎಂದರು ಜೈತೂನಮ್ಮ. "ಇಬ್ರು ಒಳ್ಳೆಯವರು ಹಿಂಗೆ ಹಠ ಹಿಡ್ಕೊಂಡ್ ಕೂತ್ರೆ ಹುಳ ಸುಮ್ನಿರ್ತವಾ?"

ಸಾಬರು ತುಂಬಾ ಪ್ರೀತಿಯಿಂದ, ದನಿ ತಗ್ಗಿಸಿ ಹೇಳುತ್ತಿದ್ದ ಕಥೆ ಬೇರೊಂದಿತ್ತು. ಬಾಗ್ದಾದಿನ ಬಜಾರಿಗೆ ಒಮ್ಮೆ ಬೆಂಕಿ ಬಿತ್ತು. ಯಾರೋ ಓಡಿಬಂದು, ಎಲ್ಲ ಸುಟ್ಟಿತು, ನಿನ್ನ ಅಂಗಡಿಯೊಂದು ಉಳಿಯಿತು ಎಂದು ಬಾಬಾಗೆ ಹೇಳಿದರು. ಬಾಬಾ ಅಲ್ಹಮ್ದುಲಿಲ್ಲಾ ಎಂದುಬಿಟ್ಟರು, ದೇವರಿಗೆ ಸ್ತುತಿ ಎಂದು. ಮರುಕ್ಷಣವೇ ನಾಲಿಗೆ ಕಚ್ಚಿಕೊಂಡರು. ಅಷ್ಟು ಜನ ಬೀದಿಗೆ ಬಿದ್ದಿರುವಾಗ ನಾನು ನನ್ನೊಬ್ಬನ ಅಂಗಡಿಗಾಗಿ ಹಿಗ್ಗಿದೆನಲ್ಲ ಎಂದು. ಇದ್ದದ್ದನ್ನೆಲ್ಲ ಬಡವರಿಗೆ ಹಂಚಿದರು. ಮುದುಕರಾದ ಮೇಲೂ ಆ ಒಂದು ಮಾತಿಗೆ ಕ್ಷಮೆ ಕೇಳುತ್ತಲೇ ಇದ್ದರಂತೆ.

ನಾನು ಅದನ್ನು ಅಮ್ಮನಿಗೆ ಹೇಳಿದೆ. ನಮ್ಮಮ್ಮ ಸರೋಜ ದಿನವಿಡೀ 'ಸದ್ಯ' ಎನ್ನುವವಳು. ಕರೆಂಟು ಬಂದರೆ ಸದ್ಯ, ನಲ್ಲಿ ಬಂದರೆ ಸದ್ಯ, ಎದುರುಮನೆಯ ನೆಂಟರು ನಮ್ಮ ಮನೆಗೆ ಬರದೆ ಹಾಗೇ ಹೋದರೆ ಇನ್ನೂ ದೊಡ್ಡ ಸದ್ಯ. ಅವಳು ಬೇಳೆ ತೊಳೆಯುವುದನ್ನು ನಿಲ್ಲಿಸಿ, "ಅಯ್ಯೋ, ಒಂದು ಮಾತಿಗೆ ಅಷ್ಟೊಂದು ಸಂಕಟಾನಾ ಪಾಪ!" ಎಂದಳು.

ಕೆಲವು ಕಥೆಗಳು ಕಥೆಯಾಗಿಯೇ ಉಳಿದಿದ್ದರೆ ಚೆನ್ನಾಗಿತ್ತು.

ಅದು ರಾಗಿ ಕೊಯ್ಲಿನ ಕಾಲ. ಅಪ್ಪ ಅಂಗಡಿಗೆ ಬೀಗ ಹಾಕಿ ಊರಿಗೆ ಹೋಗಿದ್ದರು. ಶುಕ್ರವಾರ ಮಧ್ಯಾಹ್ನ. ಪರೀಕ್ಷೆ ಇದ್ದದ್ದರಿಂದ ನಾನು ಬೇಗ ಬಂದು ಅಮ್ಮನ ಜೊತೆ ಊಟಕ್ಕೆ ಕೂತಿದ್ದೆ. ಬೀದಿಯಲ್ಲಿ ಗದ್ದಲ ಕೇಳಿ ಅಮ್ಮ ಎಂಜಲ ಕೈಯಲ್ಲೇ ಓಡಿದಳು. ನಾನು ಹಿಂದೆ ಓಡಿದೆ. ಸೈಕಲ್ ಶಾಪಿನ ವೈರಿನಿಂದ ಹೊತ್ತಿಕೊಂಡಿತು ಎಂದು ಜನ ಹೇಳುತ್ತಿದ್ದರು. ಟೈರು ಸುಟ್ಟ ಕಪ್ಪು ಹೊಗೆ. ನಾವು ಹೋಗುವ ಹೊತ್ತಿಗೆ ಫೈರ್ ಇಂಜಿನ್ ಬಂದು ನೀರು ಹಾಯಿಸಿ ಆಗಿತ್ತು. ಸೈಕಲ್ ಶಾಪು ಇರಲಿಲ್ಲ. ಅಪ್ಪನ ಅಂಗಡಿಯ ತಗಡುಗಳು ಹಪ್ಪಳದ ಹಾಗೆ ಸುರುಟಿಕೊಂಡಿದ್ದವು. ಗಿರಾಕಿಗಳ ಬಟ್ಟೆಯೆಲ್ಲ ಒಂದು ಒದ್ದೆ ಬೂದಿಯ ಗುಡ್ಡೆ. ಅದರ ನಡುವೆ ಹೊಲಿಗೆ ಮಿಷನ್ ಕಪ್ಪಗೆ ನಿಂತಿತ್ತು. ಗಾಳಿ ನಮ್ಮಂಗಡಿಯ ಕಡೆಗೆ ಬೀಸಿದ್ದರಿಂದಲೋ ಏನೋ, ಬಾಷಾ ಸಾಬರ ಅಂಗಡಿಯ ಗೋಡೆ ಮಸಿ ಹಿಡಿದದ್ದು ಬಿಟ್ಟರೆ ಬೆಂಕಿ ಅದನ್ನು ಮುಟ್ಟಿರಲಿಲ್ಲ. ಜೈತೂನಮ್ಮ ಬಾಗಿಲಲ್ಲಿ ಬಿಂದಿಗೆ ಹಿಡಿದು ನಿಂತೇ ಇದ್ದರು.

ಆಗ ಮಸೀದಿಯಿಂದ ಬಾಷಾ ಸಾಬರು ಓಡಿಬಂದರು. ತಲೆಯ ಮೇಲೆ ಟೋಪಿ ಹಾಗೇ ಇತ್ತು.

"ಸಾಬ್ರೇ, ನಿಮ್ಮಂಗಡಿಗೆ ಏನೂ ಆಗಿಲ್ಲ ಬುಡಿ!" ಎಂದು ಗುಂಪಿನಿಂದ ಯಾರೋ ಕೂಗಿದರು.

"ಅಲ್ಹಮ್ದುಲಿಲ್ಲಾ!" ಎಂದು ಅವರು ಎರಡೂ ಕೈ ಮೇಲೆತ್ತಿದರು. ಎತ್ತಿದ ಕೈ ಎತ್ತಿದ ಹಾಗೇ ಇರುವಾಗ ಅವರ ಕಣ್ಣು ನಮ್ಮಮ್ಮನ ಮೇಲೆ ಬಿತ್ತು. ಆ ಕೈಗಳು ನಿಧಾನವಾಗಿ ಇಳಿದು ಬಾಯಿ ಮುಚ್ಚಿಕೊಂಡವು. ಅವರು ಅಲ್ಲೇ, ರಸ್ತೆ ಬದಿಯಲ್ಲಿ ಹರಿಯುತ್ತಿದ್ದ ಮಸಿ ನೀರಿನಲ್ಲಿ, ಬಿಳಿ ಪೈಜಾಮದಲ್ಲೇ ಕೂತುಬಿಟ್ಟರು. ಅಮ್ಮ ಇದನ್ನು ನೋಡಲಿಲ್ಲ. ಅವಳು ಮಿಷನ್ ನೋಡುತ್ತಿದ್ದಳು. ನೋಡಿದ್ದು ನಾನು ಮತ್ತು ಜೈತೂನಮ್ಮ.

ಅಪ್ಪ ಊರಿನಿಂದ ಬಂದು, ಅಂಗಡಿಯ ಮುಂದೆ ಒಂದು ಗಳಿಗೆ ನಿಂತು, ಮನೆಗೆ ಬಂದು ಗೋಡೆಗೊರಗಿ ಕೂತರು. ಬಾಷಾ ಸಾಬರು ಅಂಗಡಿ ತೆರೆಯಲಿಲ್ಲ. ತಮ್ಮಲ್ಲಿದ್ದ ಸ್ಪ್ಯಾನರು, ಪಂಪು, ಚಕ್ರಗಳನ್ನೆಲ್ಲ ಸೈಕಲ್ ಶಾಪಿನವನಿಗೆ ಕೊಟ್ಟರು. ಅವನು ರಸ್ತೆಯಾಚೆಯ ಮರದ ಕೆಳಗೆ ಪಂಕ್ಚರ್ ಹಾಕತೊಡಗಿದ. ಆಮೇಲೆ ಸಾಬರು ಅರ್ಧ ಅಂಗಡಿ ಖಾಲಿ ಮಾಡಿದರು. ಸ್ಟೌವು, ರೇಡಿಯೋ, ನನ್ನ ಲಾರಿ ಸೀಟು ಎಲ್ಲ ಹಿತ್ತಲಿನ ಬಿಸಿಲಿಗೆ ಬಿದ್ದವು. ಜೈತೂನಮ್ಮನ ದನಿ ಗಲ್ಲಿಯವರೆಗೂ ಕೇಳುತ್ತಿತ್ತು: "ನಿಮ್ ಬಾಬಾಗೆ ಮದುವೆಗ್ ಬಂದ ಮಗಳಿರ್ಲಿಲ್ಲ! ನಮಗವ್ಳೆ!"

ಒಂದು ಸಂಜೆ ಸಾಬರು ನಮ್ಮ ಮನೆಗೆ ಬಂದರು. ಒಳಗೆ ಬರದೆ ಹೊಸ್ತಿಲಲ್ಲೇ ನಿಂತರು.

"ರಾಜಣ್ಣ, ಅರ್ಧ ಅಂಗಡಿ ಬಿಡಿಸಿದೀನಿ. ನಡುವೆ ಪರದೆ ಕಟ್ಟಿದೀನಿ. ಬಂದು ಕೂತ್ಕೊಳ್ಳಿ."

"ಬಾಡಿಗೆ ಎಷ್ಟು ಹೇಳಿ ಸಾಬ್ರೇ."

"ಬಾಡಿಗೆನಾ? ಸುಟ್ಕೊಂಡವರ ಹತ್ರ ಬಾಡಿಗೆ ಇಸ್ಕೊಂಡ್ರೆ ನನ್ ಗಂಟಲಲ್ಲಿ ಅನ್ನ ಇಳಿಯುತ್ತಾ?"

"ಪುಕ್ಕಟೆ ಕೂರಾಕೆ ನಾನೇನ್ ಭಿಕ್ಷುಕನಾ?" ಅಪ್ಪನ ದನಿ ಗಡುಸಾಗಿತ್ತು. "ಇಸ್ಕೊಂಡ್ರೆ ಬರ್ತೀನಿ. ಇಲ್ದಿದ್ರೆ ಊರಿಗ್ ಹೋಗ್ತೀನಿ."

"ಇಸ್ಕೊಳ್ಳಲ್ಲ."

"ಬರಲ್ಲ."

ಸಾಬರು ಹೋದರು. ಮರುದಿನ ಬಂದರು, ಅದೇ ಮಾತು. ಮತ್ತೊಂದು ದಿನ ಬಂದರು, ಅದೇ ಮಾತು. ಪರದೆ ಕಟ್ಟಿದ ಅರ್ಧ ಅಂಗಡಿ ಖಾಲಿಯಾಗಿ ನಿಂತಿತ್ತು. ನಾನು ಹೋಗಿ ಇಣುಕಿದರೆ ಗುಡಿಸಿದ ನೆಲದ ಮೇಲೆ ತಗಡಿನ ತೂತುಗಳಿಂದ ಬಿಸಿಲಿನ ದುಂಡು ದುಂಡು ಬಿಲ್ಲೆಗಳು ಬಿದ್ದಿರುತ್ತಿದ್ದವು. ಅವು ಮಧ್ಯಾಹ್ನವೆಲ್ಲ ಸದ್ದಿಲ್ಲದೆ ಸರಿದು ಸಂಜೆಗೆ ಗೋಡೆ ಹತ್ತಿ ಮಾಯವಾಗುತ್ತಿದ್ದವು. ಯಾರೂ ಕೂರದ ಆ ಜಾಗದಲ್ಲಿ ಗುಜರಿ ಬಾಬಾ ಬಂದು ಕೂತಿದ್ದಾರೆ ಎಂದು ನನಗೆ ಅನ್ನಿಸುತ್ತಿತ್ತು. ಬೆನ್ನು ಮಾತ್ರ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಏನಾದರೂ ಮಾಡಿ ಬಾಬಾ ಎಂದು ಕೇಳಬೇಕೆನಿಸಿದರೂ, ಬಾದಾಮಿ ವಿಷಯದಲ್ಲೇ ಏನೂ ಮಾಡದವರು ನಮ್ಮ ವಿಷಯದಲ್ಲಿ ಏನು ಮಾಡಿಯಾರು ಎಂದು ಸುಮ್ಮನಾಗುತ್ತಿದ್ದೆ.

ಮನೆಯಲ್ಲಿ ಊರಿಗೆ ಹೋಗುವ ಮಾತು ಗಟ್ಟಿಯಾಗುತ್ತಿತ್ತು. ನನ್ನ ಟಿ.ಸಿ. ತೆಗೆದುಕೊಳ್ಳಬೇಕು ಎಂದು ಅಪ್ಪ ಹೇಳಿದ ದಿನ ಅಮ್ಮ ಉಣ್ಣಲಿಲ್ಲ. ಊರಿನ ಮನೆಯಲ್ಲಿ ಆಗಲೇ ಅಣ್ಣತಮ್ಮಂದಿರ ಸಂಸಾರಗಳು ಒಲೆಗೊಂದರಂತೆ ತುಂಬಿದ್ದವು. ನಮಗೆ ಅಲ್ಲಿ ಯಾವ ಮೂಲೆ ಸಿಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಆಗ ಬಂದರು ಜೈತೂನಮ್ಮ. ಅಪ್ಪ ಎಲ್ಲೋ ಹೊರಗೆ ಹೋಗಿದ್ದ ಹೊತ್ತು ನೋಡಿಕೊಂಡೇ ಬಂದಿದ್ದರೇನೋ. ಒಳಗೆ ಬಂದವರೇ ಮೂಲೆಯಲ್ಲಿದ್ದ ಅಮ್ಮನ ಕೈಮಿಷನ್ನಿನ ಮೇಲಿನ ಬಟ್ಟೆ ತೆಗೆದರು. ಅಮ್ಮ ಬಿಡುವಿನಲ್ಲಿ ಅದರಲ್ಲಿ ಅಕ್ಕಪಕ್ಕದವರ ರವಿಕೆ ಹೊಲಿಯುತ್ತಿದ್ದಳು.

"ಸರೋಜ, ಇದು ಓಡುತ್ತಾ?"

"ಓಡುತ್ತೆ ಜೈತೂನಕ್ಕ. ಯಾಕೆ?"

"ಎತ್ತು ಮತ್ತೆ. ಗಾಡಿ ತಂದಿದೀನಿ."

"ಅಯ್ಯೋ, ಅವರು ಬೈತಾರೆ ಕಣಕ್ಕ..."

"ನಮ್ಮವರೂ ಬೈತಾರೆ. ಬೈಲಿ ಬುಡು. ಅವರವರ ದೊಡ್ಡತನ ಅವರವರೇ ಇಟ್ಕೊಳ್ಳಿ. ನಾನು ನಿನ್ನ ಕರೀತಾ ಇದೀನಿ, ರಾಜಣ್ಣನ್ನಲ್ಲ. ನನಗೆ ಮಾತಾಡೋಕೆ ಜೊತೆಗೊಬ್ರು ಬೇಕು, ಬಾ."

ಅಮ್ಮ ನನ್ನ ಮುಖ ನೋಡಿದಳು. ನಾನು ಮಿಷನ್ನಿನ ಒಂದು ಕಡೆ ಹಿಡಿದೇಬಿಟ್ಟೆ.

ತಳ್ಳುವ ಗಾಡಿಯಲ್ಲಿ ಕೈಮಿಷನ್ನು ಇಟ್ಟುಕೊಂಡು ನಾವು ಮೂವರು ಗಲ್ಲಿ ದಾಟಿ ಶಿರಾ ಗೇಟಿನ ರಸ್ತೆಗೆ ಬಂದದ್ದನ್ನು ನಾನು ಇಂದಿಗೂ ಕನಸಿನಲ್ಲಿ ಕಂಡ ಹಾಗೆ ನೆನೆಯುತ್ತೇನೆ. ಬಸ್ಸುಗಳು ನಿಂತವು. ಜೈತೂನಮ್ಮ ಒಂದು ಕೈಯಲ್ಲಿ ಸೆರಗು, ಒಂದು ಕೈಯಲ್ಲಿ ಗಾಡಿ ಹಿಡಿದು ಮೆರವಣಿಗೆಯ ಮುಂದಿನ ಆನೆಯಂತೆ ನಡೆದರು. ಬಾಷಾ ಸಾಬರು ನಮ್ಮನ್ನು ನೋಡಿ ಎದ್ದು ನಿಂತು, ಏನೋ ಹೇಳಲು ಹೋಗಿ, ಹೆಂಡತಿಯ ಮುಖ ನೋಡಿ ಕೂತರು.

ಅಮ್ಮ ಪರದೆಯ ಆಚೆ ಕೂತು ರವಿಕೆ, ಲಂಗ, ಫಾಲ್ಸು ಹೊಲಿಯತೊಡಗಿದಳು. ಅಪ್ಪ ಮನೆಯಲ್ಲಿ ಬುಸುಗುಟ್ಟಿದರು. ತಾವೇ ಅನ್ನ ಮಾಡಿಕೊಂಡು ತಳ ಹಿಡಿಸಿದರು. ಎರಡು ಮೂರು ದಿನ ಅಂಗಡಿಯ ಕಡೆ ಸುಳಿಯಲಿಲ್ಲ. ಆಮೇಲೆ ನನ್ನನ್ನು ಕರೆಯುವ ನೆಪದಲ್ಲಿ ಬಂದು ಬಾಗಿಲಲ್ಲಿ ನಿಂತರು. ಅಮ್ಮ ಅವತ್ತು ಯಾರದೋ ಒತ್ತಾಯಕ್ಕೆ ಗಂಡಸರ ಶರ್ಟಿನ ಕಾಲರಿಗೆ ಬಟ್ಟೆ ಕತ್ತರಿಸಲು ಕೂತಿದ್ದಳು. ಅವಳು ಕತ್ತರಿ ಇಟ್ಟ ಕಡೆ ನೋಡಿ ಅಪ್ಪನಿಗೆ ತಡೆಯಲಾಗಲಿಲ್ಲ.

"ಏಯ್, ಅಲ್ಲಲ್ಲ ಕಣೇ! ಕಾಲರ್ ಹೋಯ್ತು! ಕೊಡಿಲ್ಲಿ ಕತ್ತರಿ!"

ಅಮ್ಮ ಕೊಟ್ಟಳು. ಅಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತರು. ಮತ್ತೆ ವರ್ಷಗಟ್ಟಲೆ ಅಲ್ಲಿಂದ ಏಳಲಿಲ್ಲ. ಅಮ್ಮ ಬೇಕೆಂದೇ ಆ ಕಾಲರನ್ನು ಕೆಡಿಸಲು ಹೊರಟಿದ್ದಳೇ ಎಂದು ಆಮೇಲೆ ಕೇಳಿದರೆ, ಜೈತೂನಮ್ಮ ಮತ್ತು ಅವಳು ಒಬ್ಬರ ಮುಖ ಒಬ್ಬರು ನೋಡಿ ನಕ್ಕುಬಿಡುತ್ತಿದ್ದರು. ಬಾಡಿಗೆಯ ವಿಷಯ ಏನಾಯಿತು ಎಂದು ಕೇಳಿದರೂ ಅದೇ ನಗು. ಸಾಬರ ಮಗಳ ಮದುವೆಗೆ ಇಡೀ ಮನೆಯ ಬಟ್ಟೆ ಹೊಲಿದವರು ಅಪ್ಪ ಎಂಬುದಷ್ಟೇ ನನಗೆ ಗೊತ್ತು. ಪರದೆಯ ಈಚೆ ಸಾಬರ ಸುತ್ತಿಗೆ ಟಣ್ ಟಣ್, ಆಚೆ ಅಪ್ಪನ ಮಿಷನ್ ಗರಗರ. ಎರಡರ ನಡುವೆ, ಒಳಗೆ ಮರಳಿ ಬಂದ ಲಾರಿ ಸೀಟಿನ ಮೇಲೆ, ನಾನು ಹೈಸ್ಕೂಲು ಮುಗಿಸಿದೆ. ಓದಿದ್ದಕ್ಕಿಂತ ತೂಕಡಿಸಿದ್ದೇ ಹೆಚ್ಚು. ಹಾಗಾಗಿ ಟೀಚರಾದೆ.

ಇದೆಲ್ಲ ಆಗಿ ಬಹಳ ಕಾಲದ ಮೇಲೆ, ಗುಬ್ಬಿಯ ಸ್ಕೂಲಿಗೆ ಸೇರಿದ ಹೊಸದರಲ್ಲಿ, ಲೈಬ್ರರಿಯಲ್ಲಿ ಸೂಫಿಗಳ ಬಗ್ಗೆ ಓದುತ್ತಿದ್ದಾಗ ಬಾಬಾ ನನಗೆ ಮತ್ತೆ ಸಿಕ್ಕಿದರು. ಅವರು ಬಾಗ್ದಾದಿನ ಮೊದಮೊದಲ ಸೂಫಿಗಳಲ್ಲಿ ಒಬ್ಬರಂತೆ. ಹೆಸರಿನ ತುದಿಗೆ ಅಂಟಿದ ಪದಕ್ಕೆ ಹಳೇ ಸಾಮಾನು ಮಾರುವವನು ಎಂದೇ ಅರ್ಥವಂತೆ. ಅವರ ಕೈಕೆಳಗೆ ಬೆಳೆದ ಸೋದರಳಿಯ ಮುಂದೆ ಎಲ್ಲರಿಗೂ ಗುರುವಾದನಂತೆ. ಎಷ್ಟೋ ಪರಂಪರೆಗಳು ಇಂದಿಗೂ ತಮ್ಮ ಗುರುಗಳ ಸಾಲಿನಲ್ಲಿ ಆ ಅಂಗಡಿಯವನನ್ನು ನೆನೆಯುತ್ತವಂತೆ. ಓದುತ್ತಾ ನನಗೆ ನಮ್ಮ ಮನೆಯ ಹಿರಿಯರನ್ನು ಯಾರೋ ಹೊಗಳಿದಷ್ಟು ಸಂಕೋಚವಾಯಿತು. ಆ ಪುಸ್ತಕಗಳಲ್ಲೂ ಬಾದಾಮಿಯ ಗತಿ ಏನಾಯಿತೆಂದು ಇರಲಿಲ್ಲ.

ಅಷ್ಟರಲ್ಲಿ ಶಿರಾ ಗೇಟಿನ ರಸ್ತೆ ಅಗಲವಾಗಿ ಆ ಸಾಲು ಹೋಗಿತ್ತು. ಅಪ್ಪ ಬೇರೆ ಕಡೆ ಅಂಗಡಿ ಮಾಡಿದರು. ಸಾಬರು, ಜೈತೂನಮ್ಮ ಕುಣಿಗಲ್ಲಿನಲ್ಲಿದ್ದ ಮಗಳ ಮನೆಯ ಪಕ್ಕದಲ್ಲೇ ಮನೆ ಮಾಡಿಕೊಂಡರು. ಸಾಬರಿಗೆ ಮೈ ಸರಿಯಿಲ್ಲ ಎಂದು ತಿಳಿದು ಒಂದು ಭಾನುವಾರ ನಾನು, ಅಪ್ಪ, ಅಮ್ಮ ಹೊರಟೆವು. ದಾರಿಯುದ್ದಕ್ಕೂ ಅಪ್ಪ ಬಸ್ಸಿನ ಕಿಟಕಿಯಿಂದ ಹೊರಗೆ ನೋಡುತ್ತಾ ಕೂತಿದ್ದರು.

ಕೆರೆ ಏರಿಯ ಹತ್ತಿರದ ಮನೆ. ಸಾಬರು ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಬಹಳ ಇಳಿದುಹೋಗಿದ್ದರು. ಕಿವಿಯೂ ಅಷ್ಟಕ್ಕಷ್ಟೆ. ಅಪ್ಪನ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಅಮ್ಮ ಒಳಗೆ ಹೋದಳು. ನಾನು ಮೆಟ್ಟಿಲ ಮೇಲೆ ಕೂತೆ. ಕೆರೆಯ ನೀರು ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿತ್ತು. ಗಾಳಿ ಬೀಸಿದಾಗ ಆ ಹೊಳಪು ಒಡೆದು, ಮತ್ತೆ ಕೂಡಿಕೊಳ್ಳುತ್ತಿತ್ತು.

"ಸಾಬ್ರೇ," ಎಂದರು ಅಪ್ಪ ಮೆಲ್ಲಗೆ. "ಒಂದ್ ಮಾತು ನಿಮಗೆ ಹೇಳ್ಬೇಕಿತ್ತು. ಅವತ್ತು ಊರಿಂದ ಬಂದು ನೋಡ್ದಾಗ, ನಂದು ಸುಟ್ಟಿದ್ದಕ್ಕಿಂತ ನಿಮ್ದು ಉಳ್ದಿತ್ತಲ್ಲ, ಅದಕ್ಕೇ ಹೊಟ್ಟೆ ಉರೀತು."

"ಆಂ? ಏನಂದ್ರಿ? ಜೋರಾಗ್ ಹೇಳಿ ರಾಜಣ್ಣ."

ಅಪ್ಪ ಸುತ್ತ ನೋಡಿದರು. "ನಿಮ್ಮಂಗಡೀನೂ ಹೋಗ್ಬಾರ್ದಿತ್ತಾ ಅಂದ್ಕೊಂಡೆ."

"ಯಾರ್ ಹೋದ್ರು?"

"ನಿಮ್ಮಂಗಡೀನೂ ಸುಟ್ಟೋಗ್ಲಿ ಅಂದ್ಕೊಂಡಿದ್ದೆ ಸಾಬ್ರೇ!" ಅಪ್ಪ ಕಿರುಚಿಯೇಬಿಟ್ಟರು. ಕೆರೆ ಏರಿಯ ಮೇಲೆ ಹೋಗುತ್ತಿದ್ದ ಯಾರೋ ತಿರುಗಿ ನೋಡಿದರು. ಒಳಗೆ ಪಾತ್ರೆಯ ಸದ್ದು ನಿಂತಿತು. ಅಪ್ಪ ಮುಖ ಕೆಳಗೆ ಹಾಕಿ, ಸಣ್ಣ ದನಿಯಲ್ಲಿ, "ಅದಕ್ಕೇ ನಿಮ್ ಜಾಗಕ್ಕೆ ಬರಾಕೆ ನನ್ ಕೈಲಾಗ್ಲಿಲ್ಲ. ಬಾಡಿಗೆ ಮಾತೆಲ್ಲ ಬರೀ ನೆಪ," ಎಂದರು.

ಸಾಬರ ಹಿಡಿತದಲ್ಲಿದ್ದ ಅಪ್ಪನ ಕೈ ಹಾಗೇ ಇತ್ತು. "ನಾನೂ ಅವತ್ತು ಒಂದ್ ಮಾತು ಅಂದ್ಬಿಟ್ಟಿದ್ದೆ ರಾಜಣ್ಣ, ಸರೋಜಮ್ಮನ ಮುಂದೇನೇ..." ಎಂದು ಸಾಬರು ಶುರುಮಾಡಿದರು.

ಜೈತೂನಮ್ಮ ಬಾಗಿಲಿಗೆ ಬಂದು ನಿಂತರು.

"ಅಣ್ಣಾ, ನಿಮ್ದೂ ನನಗ್ ಅವತ್ತೇ ಗೊತ್ತಿತ್ತು, ಇವರ್ದೂ ಗೊತ್ತಿತ್ತು. ನಿಮ್ಮಿಬ್ರ ಮುಖ ನೋಡಿದ್ರೆ ಯಾರಿಗ್ ಗೊತ್ತಾಗ್ತಿರ್ಲಿಲ್ಲ? ಅದನ್ನೆಲ್ಲ ಆಮೇಲೆ ಕೂಗಾಡ್ರಿ. ಈಗ ಕೈ ತೊಳ್ಕೊಳ್ಳಿ, ಅನ್ನ ಆರ್ತಾ ಇದೆ."

ಇಬ್ಬರೂ ಎದ್ದರು. ಸಾಬರಿಗೆ ಬಗ್ಗಲು ಆಗುತ್ತಿರಲಿಲ್ಲ. ಅಪ್ಪ ಒಂದು ಕೈಯಲ್ಲಿ ಅವರ ತೋಳು ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಚೊಂಬು ಬಗ್ಗಿಸಿ, ಅವರ ಬೊಗಸೆಗೆ ನಿಧಾನವಾಗಿ ನೀರು ಹಾಕಿದರು.